ಕಾದಂಬರಿಯ ಅಣ್ಣ, ನಮ್ಮವ್ವನ ಚಹಾ

ಕಾದಂಬರಿ ಓದುವ ಚಟ ನನಗಿಲ್ಲ. ಆದರೆ ತಂಗಿ ರೇಣುಕಾ ಗಂಗಾವತಿಯಲ್ಲಿ ಬಿ.ಎ. ಓದುತ್ತಾಳೆ, ಪಾಠಕ್ಕಿಟ್ಟ ಕಾದಂಬರಿಯನ್ನು ಮನೆಯಲ್ಲಿ ಜೋರಾಗಿ ಓದುತ್ತಾಳೆ. ಅದರಲ್ಲೊಬ್ಬ ಅಣ್ಣ. ತಮ್ಮನ ಓದಿಗಾಗಿ ಶಾಲೆ ಬಿಟ್ಟ, ಮದುವೆ ಬಿಟ್ಟ, ಕೊನೆಗೆ ತುಪ್ಪವನ್ನೂ ಬಿಟ್ಟ. ಬಿಟ್ಟಾಗಲೆಲ್ಲ ಎರಡು ಪುಟ ಆಕಾಶ ನೋಡುತ್ತಾನೆ. ತುಪ್ಪ ಬಿಟ್ಟವನಿಗೆ ಆಕಾಶದಲ್ಲಿ ಏನು ಕೆಲಸ?

"ಮನ್ಯಾಗಿನವರ ತ್ಯಾಗದಿಂದ ಪಾತ್ರಗಳ ಸ್ವಭಾವ ಹೆಂಗ ಗೊತ್ತಾಗತೈತಿ ಅಂತ ಬರಿಬೇಕಣ್ಣ. ನಿನಗೇನ ಅನಸತೈತಿ?" ಎಂದು ಕೇಳಿದಳು.

ಕೇಳಬಾರದಿತ್ತು. ಹಿಂದಿನ ದಿನವಷ್ಟೇ ನನ್ನ ತಲೆ ಕೆಟ್ಟಿತ್ತು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾದ ದಿನ ನಮ್ಮವ್ವ ಹನುಮಪ್ಪನಿಗೆ ಹರಕೆ ಹೊತ್ತಳು: ನಾನು ಪಾಸಾಗುವತನಕ ಚಹಾ ಮುಟ್ಟುವುದಿಲ್ಲ. ಎಂಟು ವರ್ಷವಾಯಿತು. ನಾನು ಮತ್ತೆ ಪರೀಕ್ಷೆಗೆ ಕೂಡಲೇ ಇಲ್ಲ. ನವಲಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಟೈರು ಇಂಗ್ಲಿಷ್ ಕೇಳುವುದಿಲ್ಲ.

ಹಿಂದಿನ ದಿನ ನನಗೆ ಹೆಣ್ಣು ನೋಡಲು ಹುಲಿಹೈದರಕ್ಕೆ ಹೋಗಿದ್ದೆವು. ಹುಡುಗ ಹತ್ತನೇ ಪಾಸು ಎಂದು ನಮ್ಮ ಮಾವ ಮೊದಲೇ ಹೇಳಿ ಕಳಿಸಿದ್ದ. ಹುಡುಗಿ ಚಹಾ ತಂದಳು. ನನಗೆ ಛಲೋ ಅನಿಸಿದಳು, ಅದನ್ನು ಮುಚ್ಚಿಡುವುದೇಕೆ. ಅವ್ವನ ಮುಂದೆ ಕಪ್ಪು ಹಿಡಿದಳು.

"ನನಗ ಬ್ಯಾಡವಾ."

"ಯಾಕ್ರಿ ಅಕ್ಕಾರ, ನಮ್ಮ ಮನಿ ಚಹಾ ಸೇರೂದಿಲ್ಲೇನ್ರಿ?" ಎಂದ ಹುಡುಗಿಯ ಅಪ್ಪ.

"ಹಂಗಲ್ರೀ ಅಣ್ಣಾರ. ನಮ್ಮ ಹುಡುಗ ಹತ್ತನೇತ್ತಾ ಪಾಸಾಗೂತನಕ ಬಿಟ್ಟೀನ್ರಿ."

ಮಾವ ಕೆಮ್ಮಿದ. ಹುಡುಗಿಯ ಅಪ್ಪ ನಿಧಾನಕ್ಕೆ ತನ್ನ ಚಹಾದ ಬಸಿ ಕೆಳಗಿಟ್ಟ. "ಪಾಸಾದ ಮ್ಯಾಲ ಬರ್ರಿ ಹಂಗಾರ. ಎಲ್ಲಾರೂ ಕೂಡಿ ಕುಡಿಯೋಣು."

ದಾರಿಯಲ್ಲಿ ಅವ್ವನನ್ನು ಕೇಳಿದೆ, "ಒಂದ ಗುಟುಕು ಕುಡಿದಿದ್ರ ಏನಾಗ್ತಿತ್ತು?"

"ಹನುಮಪ್ಪ ನೋಡ್ತಿರ್ತಾನ."

"ಹುಡುಗೀನೂ ನೋಡಾಕತ್ತಿದ್ಲಲ್ಲ!"

"ನೋಡ್ಲಿ ಬಿಡು. ಸುಳ್ಳು ಹೇಳಿದಾವ ನಿಮ್ಮ ಮಾವ, ನಾನೇನಲ್ಲ."

ಇಂಥ ಮನೆಯಲ್ಲಿ ಕೂತು ರೇಣುಕಾ ನನ್ನನ್ನು ತ್ಯಾಗದ ಬಗ್ಗೆ ಕೇಳಿದಳು. ಹೇಳಿದೆ: "ಬಿಟ್ಟವ್ರನ್ನ ಎಷ್ಟಂತ ನೋಡ್ತಿ? ಯಾರ ಸಲುವಾಗಿ ಬಿಟ್ರೋ ಅವ್ರನ್ನ ನೋಡು. ಅಣ್ಣ ಸಾಲಿ ಬಿಟ್ಟಾಗ ತಮ್ಮ ಏನ ಮಾಡ್ತಿದ್ದ?"

ಪುಟ ತಿರುವಿದಳು. "ಏನೂ ಇಲ್ಲಣ್ಣ. ಉಂಡು ಮಕ್ಕೊಂಡಾನ."

"ಅದ ಅವನ ಸ್ವಭಾವ. ಬರಿ."

ಬರೆದಳು. ಬರೆದು, ಪೆನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಅಷ್ಟು ಹೊತ್ತು ನೋಡುವ ಅಗತ್ಯವಿರಲಿಲ್ಲ. ಇಂಗ್ಲಿಷ್ ಬರದಿದ್ದರೂ ಇಷ್ಟು ನನಗೂ ತಿಳಿಯುತ್ತದೆ.

ಸೋಮವಾರ ಶಾಲೆಗೆ ಹೋಗಿ ಪರೀಕ್ಷೆಯ ಅರ್ಜಿ ತುಂಬುತ್ತೇನೆ. ಇದನ್ನು ಕಾದಂಬರಿಯವರು ಬರೆದರೆ, ತಾಯಿಯ ತ್ಯಾಗಕ್ಕೆ ಮಗ ಕರಗಿಹೋದ ಎನ್ನುತ್ತಾರೆ. ಕರಗಿಲ್ಲ, ನನ್ನ ಮೇಲೇ ಸಿಟ್ಟು ಬಂದಿದೆ. ಎಂಟು ವರ್ಷ ಹೆತ್ತವಳನ್ನು ಕಾಯಿಸಿದವನು ಈಗ ಕೂತು ಕರಗಿದರೆ, ಅದಕ್ಕೂ ಅವಳೇ ಬಂದು ಕಣ್ಣೊರೆಸಬೇಕಾಗುತ್ತದೆ.