ದಡದ ಮಗ

ಎವರ್ಟ್ ನೂರ್‌ಗ್ರಾನ್ ಹುಟ್ಟಿದ್ದು ದಡದಲ್ಲಿ. ಲೊಂಗ್ರುಂಡ್ ಊರಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ, ಯಾಕೆಂದರೆ ಗೊತ್ತಿಲ್ಲದೆ ಇರಲು ಅವನು ಯಾರನ್ನೂ ಬಿಡುತ್ತಿರಲಿಲ್ಲ. ಅವನ ತಾಯಿ ತುಂಬು ಬಸುರಿ. ದೋಣಿಮನೆಯಲ್ಲಿ ನಿಂತು ಬಲೆಯಿಂದ ಹೆರಿಂಗ್ ಮೀನು ಬಿಡಿಸುತ್ತಿದ್ದಾಗಲೇ ನೋವು ಶುರುವಾಯಿತು. ಮನೆ ಸೇರುವಷ್ಟು ಪುರುಸೊತ್ತು ಸಿಗಲಿಲ್ಲ, ಅಲ್ಲೇ ಹೆತ್ತಳು. ಸೂಲಗಿತ್ತಿ ಅಮಾಂಡಾ ಒಲೆಯ ಮೇಲಿದ್ದ ಕಾಫಿ ಪಾತ್ರೆಯನ್ನು ಕೈಯಲ್ಲಿ ಹಿಡಿದೇ ಓಡಿ ಬಂದಿದ್ದಳು. ಆ ಗಡಿಬಿಡಿಯಲ್ಲಿ ಪಾತ್ರೆಯ ತಾಮ್ರದ ಮುಚ್ಚಳ ಎಲ್ಲೋ ಬಿದ್ದುಹೋಯಿತು. ಮಗು ಸಿಕ್ಕಿತು, ಮುಚ್ಚಳ ಸಿಗಲಿಲ್ಲ ಎಂದು ಅಮಾಂಡಾ ಸಾಯುವವರೆಗೂ ಹೇಳುತ್ತಿದ್ದಳು. ಅವಳ ದನಿ ಕೇಳಿದರೆ ಅದಲುಬದಲಾಗಿದ್ದರೂ ಅವಳಿಗೆ ಬೇಸರವಿರಲಿಲ್ಲ ಅನ್ನಿಸುತ್ತಿತ್ತು.

ದಡದ ಮಗ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ವಸಂತದಲ್ಲಿ ಕಡಲ ಮಂಜುಗಡ್ಡೆ ಒಡೆದ ಮೇಲೆ ಮೊದಲ ದೋಣಿಯನ್ನು ನೀರಿಗೆ ದೂಡುವವನು ದಡದಲ್ಲಿ ಹುಟ್ಟಿದವನೇ ಆಗಿರಬೇಕು. ಅವನ ಕೈ ಸೋಕಿದ ದೋಣಿಗೆ ಹೋಗುವ ದಾರಿಯೂ ಗೊತ್ತಿರುತ್ತದೆ, ಬರುವ ದಾರಿಯೂ ಗೊತ್ತಿರುತ್ತದೆ. ಅವನು ದೂಡುವವರೆಗೆ ಬೇರೆ ಯಾರೂ ಬಲೆ ಮುಟ್ಟುವಂತಿಲ್ಲ. ಹಿಂದೆ ಊರಿನಲ್ಲಿ ದಡದ ಮಕ್ಕಳು ಬೇಕಾದಷ್ಟು ಇದ್ದರು. ಆಮೇಲೆ ಹೆಂಗಸರು ವಾಸಾ ಪಟ್ಟಣದ ಆಸ್ಪತ್ರೆಗೆ ಹೋಗಿ ಹೆರಲು ಶುರುಮಾಡಿದರು. ಆಸ್ಪತ್ರೆಯ ಕಿಟಕಿಯಿಂದ ಕಡಲು ಕಂಡರೂ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಉಳಿದವನು ಅರವತ್ತು ದಾಟಿದ ಎವರ್ಟ್ ಒಬ್ಬನೇ.

ಉಳಿದಂತೆ ಎವರ್ಟ್‌ನ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ದೋಣಿ ಹತ್ತಿದರೆ ಅವನಿಗೆ ವಾಂತಿ. ಲಂಗರು ಹಾಕಿದ ದೋಣಿಯಲ್ಲಿ ಕೂತರೂ ವಾಂತಿ. ಮೀನುಗಾರರ ಊರಿನಲ್ಲಿ ಅವನು ಆಲೂಗಡ್ಡೆ ಬೆಳೆದು ಬದುಕಿದ. ಅವನ ಬಲೆ ಹೆಣಿಗೆ ಎಷ್ಟು ಸೊಗಸಾಗಿತ್ತೆಂದರೆ ಮೀನುಗಳು ಹಿಂಡು ಹಿಂಡಾಗಿ ಆಚೆ ಹೋಗುತ್ತಿದ್ದವು. ಆದರೆ ವರ್ಷಕ್ಕೊಮ್ಮೆ ಇಡೀ ಊರು ಟೋಪಿ ತೆಗೆದು ಅವನಿಗಾಗಿ ಕಾಯುತ್ತಿತ್ತು. ಅವನು ಎರಡೂ ಅಂಗೈಗೆ ಉಗುಳಿಕೊಂಡು, ದೋಣಿಯ ಹಿಂಬದಿಗೆ ಹೆಗಲು ಕೊಟ್ಟು ದೂಡುತ್ತಿದ್ದ. ಅದೊಂದು ದೂಡುವಿಕೆಯ ಮೇಲೆ ಅವನ ಇಡೀ ವರ್ಷ ನಿಂತಿತ್ತು.

ತೊಂದರೆ ಏನೆಂದರೆ, ನಮ್ಮ ಕಡಲು ಓಡಿಹೋಗುತ್ತದೆ. ಫಿನ್‌ಲ್ಯಾಂಡಿನ ಈ ಕರಾವಳಿಯಲ್ಲಿ ನೆಲ ಪ್ರತಿವರ್ಷ ಒಂದು ಉಗುರಗಲ ಮೇಲೇಳುತ್ತದೆ. ಹಿಂದೊಂದು ಕಾಲದಲ್ಲಿ ಮೈಮೇಲೆ ಕೂತಿದ್ದ ಮಂಜಿನ ಬೆಟ್ಟ ಇಳಿದುಹೋದರೂ ನೆಲ ಇನ್ನೂ ಮೈ ಮುರಿಯುತ್ತಲೇ ಇದೆ. ನೆಲ ಚಪ್ಪಟೆಯಾದ್ದರಿಂದ ಉಗುರಗಲ ಎದ್ದರೂ ನೀರು ಮಾರುಗಟ್ಟಲೆ ಹಿಂದೆ ಸರಿಯುತ್ತದೆ. ಎಲ್ಲರೂ ತಂತಮ್ಮ ದೋಣಿಮನೆಯನ್ನು ಬಿಚ್ಚಿ, ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಕಡಲ ಹಿಂದೆ ಹೋದರು. ಎವರ್ಟ್ ಮಾತ್ರ ಕದಲಲಿಲ್ಲ. ಅದು ತಾನು ಹುಟ್ಟಿದ ಜಾಗ, ಅದನ್ನು ಎತ್ತಿಟ್ಟರೆ ತಾನು ಎಲ್ಲಿ ಹುಟ್ಟಿದ ಹಾಗಾಯಿತು ಎಂದು ಅವನ ವಾದ. ಈಗ ಆ ದೋಣಿಮನೆ ಸ್ಪ್ರೂಸ್ ಮರಗಳ ನಡುವೆ ನಿಂತಿತ್ತು. ಚಳಿಗಾಲದಲ್ಲಿ ಅದರ ಗೋಡೆಗೆ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಗಳು ಬೆನ್ನು ತಿಕ್ಕುತ್ತಿದ್ದವು.

ಆ ವರ್ಷ ಮಂಜುಗಡ್ಡೆ ಒಡೆಯುವ ಮುನ್ನ ತೆಳುವಾಗಿ ಕಪ್ಪಾಗುತ್ತಿದ್ದ ದಿನಗಳಲ್ಲಿ ಟೊರ್ವಾಲ್ಡ್ ಜಗಳ ತೆಗೆದ. ಟೊರ್ವಾಲ್ಡ್ ಎಂದರೆ ಸೂಲಗಿತ್ತಿ ಅಮಾಂಡಾಳ ಮಗ, ಎವರ್ಟ್‌ನ ಓರಗೆಯವನು, ಊರಿನಲ್ಲೇ ದೊಡ್ಡ ಮೋಟಾರು ದೋಣಿಯ ಒಡೆಯ. ಹಿಂದಿನ ವಸಂತದಲ್ಲಿ ಎವರ್ಟ್ ದೂಡಿದ ದೋಣಿ ಅವನದೇ. ಅಲ್ಲಿಂದಾಚೆ ವರ್ಷವಿಡೀ ಅದರ ಎಂಜಿನ್ ಕೆಡುತ್ತಲೇ ಇತ್ತು. ದಡದ ಬೆಂಚಿನ ಮೇಲೆ ಎಲ್ಲರೂ ಕಾಫಿಗೆ ಕೂತಿದ್ದರು. ಟೊರ್ವಾಲ್ಡ್ ತನ್ನ ತಾಯಿಯ ಹಳೆಯ ಪಾತ್ರೆಯಿಂದಲೇ ಬಗ್ಗಿಸುತ್ತಿದ್ದ. ಅದಕ್ಕೆ ಮುಚ್ಚಳದ ಬದಲು ಒಂದು ಸಾಸರು ಮುಚ್ಚಿತ್ತು.

"ಲೇ ಎವರ್ಟ್, ನಿನ್ನ ದೋಣಿಮನೆ ಹೊಸ್ತಿಲ ತುಂಬ ಬ್ಲೂಬೆರಿ ಗಿಡ ಹಬ್ಬಿದೆ ಕಣೋ. ದಡದಲ್ಲಿ ಎಲ್ಲಾದ್ರೂ ಬ್ಲೂಬೆರಿ ಬೆಳೆಯುತ್ತಾ?"

"ನಾನು ಹುಟ್ದಾಗ ಇರ್ಲಿಲ್ಲ."

"ನೀನು ನೋಡಿದ್ಯಾ? ನಮ್ಮಪ್ಪ ಹೇಳ್ತಿದ್ದ, ಆವಾಗ್ಲೇ ನಿಮ್ಮಪ್ಪ ದೋಣೀನ ಹುಲ್ಲಿನ ಮೇಲೆ ಎಳ್ಕೊಂಡು ಹೋಗ್ತಿದ್ದನಂತೆ. ನೀನು ದಡದ ಮಗ ಅಲ್ಲ ಮಾರಾಯ, ಎಲ್ಕ್ ಮರಿ. ಅದಕ್ಕೇ ನನ್ನ ಎಂಜಿನ್ ಕೆಟ್ಟಿದ್ದು!"

ಬೆಂಚು ಬೆಂಚೇ ನಕ್ಕಿತು. ಎವರ್ಟ್ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟ. ಅಲ್ಲಿದ್ದವರು ನಕ್ಕು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ನಗು ಮುಗಿದ ಮೇಲೆ ಎಲ್ಲರೂ ಯೋಚಿಸತೊಡಗಿದರು. ನಮ್ಮೂರಿನವರು ಯೋಚಿಸತೊಡಗಿದರೆ ಕೆಡುಕು ಕಟ್ಟಿಟ್ಟದ್ದು.

ಆಗ ಶಾಲೆಯ ಕೋಣೆಯಲ್ಲಿ ಇರ್ಯಾ ಹೌತಲಾ ಎಂಬ ಭೂವಿಜ್ಞಾನಿ ಬಿಡಾರ ಹೂಡಿದ್ದಳು. ಉದ್ದನೆಯ ಕೊಳವೆಯನ್ನು ನೆಲಕ್ಕೆ ಚುಚ್ಚಿ, ಮಣ್ಣು ತೆಗೆದು, ಕಡಲು ಯಾವಾಗ ಎಲ್ಲಿತ್ತು ಎಂದು ನಕ್ಷೆ ಬರೆಯುವುದು ಅವಳ ಕೆಲಸ. ಅವಳ ಮನೆಮಾತು ಫಿನ್ನಿಷ್. ಈ ಕರಾವಳಿಯಲ್ಲಿ ನಾವಾಡುವ ಸ್ವೀಡಿಷನ್ನು ಅವಳು ಪುಸ್ತಕದಿಂದ ಕಲಿತಿದ್ದಳು, ಹಾಗಾಗಿ ಸಕ್ಕರೆ ಕೇಳಿದರೂ ಪಾದ್ರಿ ಪ್ರವಚನ ಮಾಡಿದ ಹಾಗಿರುತ್ತಿತ್ತು. ದೋಣಿಮನೆಯ ನೆಲ ಅಗೆದು ಅವಳಿಂದ ಓದಿಸುವುದೆಂದು ಊರು ತೀರ್ಮಾನಿಸಿತು.

"ಅಲೆ ಬಡಿಯುವ ದಡದಲ್ಲಿ ತೊಳೆದ ಮರಳು, ಉರುಟಾದ ಕಲ್ಲುಗಳು ಉಳಿದಿರುತ್ತವೆ," ಎಂದಳು ಇರ್ಯಾ. "ಅವು ಇದ್ದರೆ ಅಲ್ಲಿ ದಡವಿತ್ತು. ಇಲ್ಲದಿದ್ದರೆ ಇರಲಿಲ್ಲ. ನಾನು ಸೋಮವಾರ ಬರುತ್ತೇನೆ."

ಎವರ್ಟ್ ಈ ಮಾತನ್ನು ತನಗೆ ಬೇಕಾದ ಹಾಗೆ ಅರ್ಥಮಾಡಿಕೊಂಡ. ಮರಳಿದ್ದರೆ ದಡ. ಸರಿ ಮತ್ತೆ, ಮರಳು ಇರಲಿ! ಭಾನುವಾರ ಊರೆಲ್ಲ ಚರ್ಚಿಗೆ ಹೋದಾಗ ಅವನು ಒಂಟಿಗಾಲಿ ಗಾಡಿ ತೆಗೆದುಕೊಂಡು ಹೊಸ ದಡಕ್ಕೆ ಹೋದ. ಒಳ್ಳೆಯ ಮರಳನ್ನೇ ಆರಿಸಿ, ಉರುಟು ಕಲ್ಲುಗಳನ್ನೂ ಹಾಕಿಕೊಂಡು, ಕಾಡಿನ ದಾರಿಯಲ್ಲಿ ದೂಡಿಕೊಂಡು ಬಂದು ದೋಣಿಮನೆಯ ಮಣ್ಣಿನ ನೆಲದ ತುಂಬ ಸುರಿದು ಕಾಲಿನಿಂದ ತುಳಿದ. ಮತ್ತೆ ಹೋದ, ಮತ್ತೆ ತಂದ. ಅವನ ಹೆಂಡತಿ ಹಿಲ್ದೂರ್ ಚರ್ಚಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಇದೇನೋ ಇದು?"

"ದಡ."

"ಆಲೂಗಡ್ಡೆ ಹೊಲಕ್ಕೆ ಗೊಬ್ಬರ ಹೊರೋದಕ್ಕೆ ಸೊಂಟ ನೋವು ಅಂತಿದ್ದೆ. ಕಡಲು ಹೊರೋದಕ್ಕೆ ನೋವಿಲ್ವಾ?"

ಅವನು ತುಳಿಯುತ್ತಲೇ ಇದ್ದ. ಅವಳು ಅವನ ಮುಖ ನೋಡಿದಳು. ಹೊರಗೆ ಹೋಗಿ ಗಾಡಿ ತೊಳೆದಿಟ್ಟಳು.

ಸೋಮವಾರ ಊರಿಗೆ ಊರೇ ಕಾಡಿನಲ್ಲಿ ಸೇರಿತು. ಇರ್ಯಾ ಮಂಡಿಯೂರಿ ಕೂತು ಕರಣೆಯಿಂದ ನೆಲ ಕೆರೆದಳು. ಮರಳು ಬಂತು, ಉರುಟು ಕಲ್ಲು ಬಂತು. ಎವರ್ಟ್ ಎದೆಯುಬ್ಬಿಸಿ ಟೊರ್ವಾಲ್ಡ್‌ನ ಕಡೆ ನೋಡಿದ. ಇರ್ಯಾ ಮರಳಿನಿಂದ ಏನನ್ನೋ ಹೆಕ್ಕಿ ಬೆಳಕಿಗೆ ಹಿಡಿದಳು. ಬಿಯರ್ ಬಾಟಲಿಯ ಬಿರಡೆ.

"ಇದು ನಿಸ್ಸಂಶಯವಾಗಿ ಕಡಲ ದಡದ ಮರಳು," ಎಂದಳು ಗಂಭೀರವಾಗಿ. "ಕಡಲು ಇಲ್ಲಿಗೆ ನಿನ್ನೆ ಬಂದಿತ್ತು. ಗಾಡಿಯಲ್ಲಿ."

ನಗು ಕೇಳಿ ಮರದ ಮೇಲಿನ ಕಾಗೆಗಳು ಹಾರಿಹೋದವು. ಎವರ್ಟ್‌ಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ಇರ್ಯಾ ನಗಲಿಲ್ಲ. ಆ ಮರಳನ್ನೆಲ್ಲ ಪಕ್ಕಕ್ಕೆ ಸರಿಸಿ ಕೆಳಗೆ ಅಗೆದಳು. ಟಾರು, ಮೀನಿನ ಹುರುಪೆ, ಮರದ ಸಿಪ್ಪೆ. ಅದರ ಕೆಳಗೆ ಜೊಂಡು ಹುಲ್ಲಿನ ಬೇರು. ಅದರ ಕೆಳಗೆ ಕಪ್ಪು ಕೆಸರು. ಕೊಳೆತ ಮೊಟ್ಟೆಯ ನಾತ ಗಪ್ಪನೆ ಮೂಗಿಗೆ ಬಡಿದು ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಹೋದರು. ಕೆಸರಿನಲ್ಲಿ ಬೆರಳಿನುಗುರಿನಷ್ಟು ತೆಳುವಾದ ಚಿಪ್ಪುಗಳಿದ್ದವು. ಚಿಪ್ಪುಗಳ ಅಡಿಯಲ್ಲಿ, ಹಸಿರು ಹಿಡಿದ ದುಂಡನೆಯ ತಾಮ್ರದ ತಗಡೊಂದು ಕೂತಿತ್ತು.

"ಅಯ್ಯೋ, ನಮ್ಮಮ್ಮನ ಮುಚ್ಚಳ!" ಎಂದು ಟೊರ್ವಾಲ್ಡ್ ಕೂಗಿದ.

ಯಾರೋ ಓಡಿಹೋಗಿ ಕಾಫಿ ಪಾತ್ರೆ ತಂದರು. ಮುಚ್ಚಳ ಕಟಕ್ಕೆಂದು ಕೂತಿತು. ಟೊರ್ವಾಲ್ಡ್ ಸಾಸರನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಇನ್ನೇನು ಮಾಡುವುದೆಂದು ತಿಳಿಯದೆ ನಿಂತ.

"ಇವರು ಹುಟ್ಟಿದ ದಿನ ಬಿದ್ದದ್ದೇ ಇದು?" ಎಂದು ಇರ್ಯಾ ಕೇಳಿದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. "ಹಾಗಾದರೆ ವಿಷಯ ಸ್ಪಷ್ಟ. ಈ ಕೆಸರು ನಿಂತ ನೀರಿನ ತಳದಲ್ಲಿ ಮಾತ್ರ ಕೂಡುತ್ತದೆ. ಮುಚ್ಚಳದ ಮೇಲೆ ಚಿಪ್ಪುಜೀವಿಗಳು ಬಾಳಿವೆ. ಅಂದು ಇಲ್ಲಿ ದಡವೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ನೀರಿತ್ತು. ಆಗ ಈ ಮನೆ ಕಂಬಗಳ ಮೇಲೆ ನಿಂತಿತ್ತು, ಮುಚ್ಚಳ ಹಲಗೆಯಂಚಿನಿಂದ ನೀರಿಗೆ ಜಾರಿತ್ತು. ಇವರು ಹುಟ್ಟಿದ್ದು ಕಡಲಿನಲ್ಲಿ."

ಎವರ್ಟ್ ಗುಂಡಿಯನ್ನೇ ನೋಡುತ್ತಾ ನಿಂತ. ಕಾಡಿನಲ್ಲಿ ಹುಟ್ಟಿದವನು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕಡಲಲ್ಲಿ ಹುಟ್ಟಿದವನಿಗೆ ಲಂಗರು ಹಾಕಿದ ದೋಣಿಯಲ್ಲಿ ವಾಂತಿ ಯಾಕೆ ಬರಬೇಕು?

ಊರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ನಮ್ಮಲ್ಲಿ ಕಡಲಿನಿಂದ ಎತ್ತಿದ ವಸ್ತು ಎತ್ತಿದವರ ಪಾಲು. ಟೊರ್ವಾಲ್ಡ್‌ನ ಅರ್ಧ ಕೊಟ್ಟಿಗೆ ಹಾಗೆ ತೇಲಿಬಂದ ಮರದಿಂದಲೇ ಎದ್ದದ್ದು. ಮುದಿ ಸಿಗ್‌ಫ್ರಿಡ್ ಎಂಬವನು, ಊರಿನ ಕಟ್ಟಲೆಗಳೆಲ್ಲ ಬಾಯಿಪಾಠವಿದ್ದವನು, ಪೈಪು ಬಾಯಿಂದ ತೆಗೆದು ಕೇಳಿದ:

"ಹಂಗಾದ್ರೆ ಇವನನ್ನ ನೀರಿಂದ ಎತ್ತಿದ್ದು ಯಾರು?"

"ನಮ್ಮಮ್ಮ," ಎಂದ ಟೊರ್ವಾಲ್ಡ್.

"ಅವಳ ಆಸ್ತಿ ಬಂದಿದ್ದು ಯಾರಿಗೆ?"

ಟೊರ್ವಾಲ್ಡ್‌ನ ಮುಖ ಮೊದಲು ಅರಳಿತು. ಆಮೇಲೆ ನಿಧಾನಕ್ಕೆ ಬಾಡಿತು. "ಲೇ ಸಿಗ್‌ಫ್ರಿಡ್, ಇವನನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

"ಅದು ನಿನ್ ಹಣೆಬರ. ಎತ್ತಿದ ಮಾಲನ್ನ ಸೂರಿನ ಕೆಳಗಿಡ್ಬೇಕು, ಹಾಳಾಗ್ದಂಗೆ ನೋಡ್ಕೋಬೇಕು. ಕಟ್ಟಲೆ ಅಂದ್ರೆ ಕಟ್ಟಲೆ."

"ತಗೊಂಡು ಹೋಗಪ್ಪ, ದಮ್ಮಯ್ಯ," ಎಂದಳು ಹಿಲ್ದೂರ್. "ಗೊರಕೆ ಜೋರು, ಮೊದ್ಲೇ ಹೇಳಿರ್ತೀನಿ."

ಅದೇ ವಾರ ಮಂಜುಗಡ್ಡೆ ಒಡೆಯಿತು. ಕಡಲು ತೆರೆದು ನಿಂತಿತು, ಹೆರಿಂಗ್ ಮೀನು ದಡಕ್ಕೆ ಬಂದು ಮಿಂಚಿತು, ಆದರೆ ದೋಣಿಗಳು ಕದಲಲಿಲ್ಲ. ದೂಡಲು ದಡದ ಮಗ ಇಲ್ಲ. ಗಂಡಸರು ಬೆಂಚಿನ ಮೇಲೆ ಕೂತು ಮೀನು ನೋಡಿದರು. ಮರುದಿನವೂ ನೋಡಿದರು. ಹಾರ್ನೆಸ್ ಊರಿನ ದೋಣಿಗಳು ನಮ್ಮ ಕಣ್ಣೆದುರೇ ಬಲೆ ತುಂಬಿಕೊಂಡು ಹೋದವು. ಎವರ್ಟ್ ಬೆಂಚಿನ ಕಡೆ ಬರಲೇ ಇಲ್ಲ. ಹೊಲದಲ್ಲಿ ಮೊಳಕೆಯೊಡೆದ ಆಲೂಗಡ್ಡೆಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಊಟಕ್ಕೆ ಕರೆದರೆ, ನಾನು ಟೊರ್ವಾಲ್ಡ್‌ನ ಮಾಲು, ಅವನನ್ನ ಕೇಳು ಎನ್ನುತ್ತಿದ್ದ. ಅದು ತಮಾಷೆಗೆ ಆಡಿದ ಮಾತಾಗಿರಲಿಲ್ಲ. ಹಿಲ್ದೂರ್‌ಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಉಪಾಯವೂ ಬಂತು. ಸೀದಾ ಬೆಂಚಿನ ಹತ್ತಿರ ಹೋದಳು.

"ದಡ ಅಂದ್ರೆ ಏನ್ರೋ? ಒಂದ್ ಕಡೆ ನೆಲ, ಒಂದ್ ಕಡೆ ನೀರು. ಅಷ್ಟೇ ತಾನೇ? ಟೊರ್ವಾಲ್ಡ್, ನೀನು ಹುಟ್ಟಿದ್ದೆಲ್ಲಿ?"

"ದನದ ಕೊಟ್ಟಿಗೆ ಪಕ್ಕ."

"ನೀನು ನೆಲದ ಮಗ, ಅವನು ನೀರಿನ ಮಗ. ನೀನು ನೆಲದ ಕಡೆಯಿಂದ ದೂಡು, ಅವನು ನೀರಿನ ಕಡೆಯಿಂದ ಎಳೀಲಿ. ಇಬ್ರೂ ಸೇರಿದ್ರೆ ಒಂದು ದಡ ಆಗಲ್ವಾ?"

ಸಿಗ್‌ಫ್ರಿಡ್ ಪೈಪಿನ ಬೂದಿ ಕೊಡವಿದ. ಕಟ್ಟಲೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದ. ಮಾಲಿನ ಒಡೆಯ ತಾನೇ ಹೋಗಿ ಮಾಲನ್ನು ಕರೆತರಬೇಕೆಂದೂ ಸೇರಿಸಿದ.

ಟೊರ್ವಾಲ್ಡ್ ಹೊಲಕ್ಕೆ ಹೋಗಿ ನಿಂತ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಬಾರೋ. ನೀನಿಲ್ದೆ ಆಗಲ್ಲ," ಎಂದ. ಇಷ್ಟು ಹೇಳಲು ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದನೆಂದು ಆಮೇಲೆ ಗೊತ್ತಾಯಿತು.

ನೀರಿನಲ್ಲಿ ಇನ್ನೂ ಮಂಜಿನ ಚೂರುಗಳು ತೇಲುತ್ತಿದ್ದವು. ಅಷ್ಟು ವರ್ಷ ಒಣ ಬೂಟಿನಲ್ಲಿ ನಿಂತು ದೋಣಿ ದೂಡಿದ ಎವರ್ಟ್ ಈಗ ಸೊಂಟದವರೆಗೆ ಕಡಲಿಗಿಳಿದು ಹಗ್ಗ ಹಿಡಿದ. ಹಲ್ಲು ಕಟಕಟಿಸುತ್ತಿದ್ದವು. ಒಂದು ಅಲೆ ಬಂತು, ಇಡೀ ಊರಿನ ಎದುರು ವಾಂತಿ ಮಾಡಿಕೊಂಡ. ಯಾರೂ ನಗಲಿಲ್ಲ. ಅಂಗೈಗೆ ಉಗುಳಿಕೊಂಡ. ಟೊರ್ವಾಲ್ಡ್ ಹೆಗಲು ಕೊಟ್ಟ. ಇಬ್ಬರೂ ಒಟ್ಟಿಗೆ ಹೂಂಕರಿಸಿದರು, ದೋಣಿ ಸರ್ರನೆ ಜಾರಿ ನೀರಿಗೆ ಹೋಯಿತು. ಒಳಗಿದ್ದ ಟೊರ್ವಾಲ್ಡ್‌ನ ಆಳುಗಳ ಮೊದಲ ಏಟಿಗೇ ಎಂಜಿನ್ ಹೊತ್ತಿಕೊಂಡಿತು. ಉಳಿದ ದೋಣಿಗಳೂ ಹೋ ಎಂದು ಕೂಗುತ್ತಾ ಹಿಂದೆ ಹೊರಟವು.

ಬೆಂಚಿನ ಹತ್ತಿರ ಬಂದು ಎವರ್ಟ್ ಬೂಟಿನ ನೀರು ಚೆಲ್ಲಿದ. ಎಲ್ಲಿ ಕೂರುವುದೆಂದು ಅವನಿಗೆ ತಿಳಿಯಲಿಲ್ಲ. ಟೊರ್ವಾಲ್ಡ್ ಪಕ್ಕಕ್ಕೆ ಸರಿದು ಪಾತ್ರೆಯ ಮುಚ್ಚಳ ತೆಗೆದು ಕಾಫಿ ಬಗ್ಗಿಸಿದ. ಹಬೆಯಾಡುತ್ತಿತ್ತು. ಸಾಸರಿನ ಕಾಲದಲ್ಲಿ ಆ ಕಾಫಿ ಒಂದು ದಿನವೂ ಇಷ್ಟು ಬಿಸಿಯಿರಲಿಲ್ಲ.

"ಕೂತ್ಕೊಳೋ. ನನ್ ಮಾಲು, ನನ್ ಪಕ್ಕ."

ಎವರ್ಟ್‌ಗೆ ಅಳು ಬಂತು. ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಒರೆಸಿಕೊಂಡು ಕೂತ. ಇಬ್ಬರೂ ಕಡಲು ನೋಡುತ್ತಾ ಕುಡಿದರು.

"ಮುಂದಿನ ವರ್ಷ ನೀರು ಇನ್ನೊಂದಿಷ್ಟು ದೂರ ಹೋಗಿರುತ್ತೆ," ಎಂದ ಟೊರ್ವಾಲ್ಡ್. "ಬೆಂಚು ಎಳೀಬೇಕಾಗುತ್ತೆ."

"ಎಳೆಯೋಣ," ಎಂದ ಎವರ್ಟ್. ಒಂದು ಗುಟುಕು ಕುಡಿದು, ಕಾಡಿನ ಕಡೆಗೊಮ್ಮೆ ತಿರುಗಿ ನೋಡಿದ. "ಹಾಗೇ ನನ್ನ ದೋಣಿಮನೇಗೂ ಒಂದು ಕೈ ಹಾಕ್ತೀಯಾ?"