ಒಂದು ಹಿಡಿ ಅಕ್ಕಿ, ಒಂದು ಬಾಳೆಹಣ್ಣು

ಕಳೆದ ವಾರ ಜೆ.ಪಿ. ನಗರದಲ್ಲಿ ನೆಂಟರ ಫ್ಲಾಟಿನ ಗೃಹಪ್ರವೇಶ. ಹೊಸ ಬಾಗಿಲಿನಿಂದ ಟರ್ಪೆಂಟೈನ್ ವಾಸನೆ ಇನ್ನೂ ಹೋಗಿರಲಿಲ್ಲ. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟ್ರಮ್ಮ ಎದುರಿಗೆ ಬಂದು ನಿಂತಂತಾಯಿತು...

ಆಗ ಪದ್ಮನಾಭನಗರದ ನಮ್ಮ ಮನೆಯ ಹಿತ್ತಲಲ್ಲಿ ಗೌರಿ ಎಂಬ ಹಸು ಇತ್ತು. ಸುತ್ತಮುತ್ತ ಯಾರೇ ಹೊಸ ಮನೆ ಹೊಕ್ಕರೂ ಮೊದಲು ಹೊಸ್ತಿಲು ದಾಟುವವಳು ಅವಳೇ. ಗಬ್ಬವಾಗಿದ್ದಾಗ ಒಂದು ಭಾನುವಾರ ಹಾಗೆಯೇ ಹೋಗಿ ಬಂದಳು. ಆ ಮನೆಯವರಿಗೆ ಪುಣ್ಯದ ಹಸಿವು ಜಾಸ್ತಿ. ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು ಸಾಲದೆಂದು ಪೂರಿಯನ್ನೂ ತಿನ್ನಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಗೌರಿಯ ಹೊಟ್ಟೆ ನಗಾರಿಯಂತೆ ಉಬ್ಬಿ, ಅವಳು ಉಸಿರಿಗೆ ಒದ್ದಾಡತೊಡಗಿದಳು. ಹಸುವೂ ಕರುವೂ ಕೈತಪ್ಪುತ್ತವೆಂದು ಅಮ್ಮ ಅಳುತ್ತಾ ಕೂತರು.

ಆಸ್ಪತ್ರೆಗೆ ರಜೆ. ಆದರೂ ಫೋನು ಮಾಡಿದ ಕೂಡಲೇ ಡಾಕ್ಟ್ರಮ್ಮ ತಲಘಟ್ಟಪುರದ ಮನೆಯಿಂದ ಸ್ಕೂಟರಿನಲ್ಲಿ ಬಂದರು. ಕಡಲೆಕಾಯಿ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಕುಡಿಸಿದರು. ಎಡಪಕ್ಕೆಗೆ ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟರು. ಆದರೆ ಡ್ರಿಪ್ ಹಾಕಲೇಬೇಕಿತ್ತು, ಆಸ್ಪತ್ರೆಗೆ ಸಲೈನ್ ಸರಬರಾಜೇ ಆಗಿರಲಿಲ್ಲ.

ಅವರು ಫೋನು ತೆಗೆದು, ಜೆ.ಪಿ. ನಗರದಲ್ಲಿ ನಾಯಿ, ಬೆಕ್ಕು ನೋಡುವ ಖಾಸಗಿ ಡಾಕ್ಟರನ್ನೇ ಕರೆದರು. ಸರ್ಕಾರಿ ಲಸಿಕೆಯನ್ನು ಆಡಿಕೊಳ್ಳುತ್ತಿದ್ದ ಆತನಿಗೂ ಈಕೆಗೂ ಎಣ್ಣೆ ಸೀಗೆಕಾಯಿ.

"ನಿಮ್ ಹತ್ರ ಸಲೈನ್ ಇದೆ, ನನ್ ಹತ್ರ ಹಸು ಇದೆ. ಜಗಳ ನಾಳೆ ಆಡೋಣ, ಈಗ ಬನ್ನಿ ಸಾರ್."

ಬಂದರು. ಆತ ಬಾಟಲಿ ಎತ್ತಿ ಹಿಡಿದು ನಿಂತರು, ಈಕೆ ಕುತ್ತಿಗೆಯ ನರ ಹುಡುಕಿದರು. ಸಂಜೆಗೆ ಗೌರಿ ಮೆಲುಕು ಹಾಕಿದಾಗ ಅಮ್ಮ ಇಬ್ಬರಿಗೂ ಕೈಮುಗಿದರು. ಡಾಕ್ಟ್ರಮ್ಮ ಗದರಿಕೊಂಡರು. "ಇನ್ಮೇಲೆ ಒಂದ್ ಹಿಡಿ ಅಕ್ಕಿ, ಒಂದ್ ಬಾಳೆಹಣ್ಣು, ಅಷ್ಟೇ. ಪುಣ್ಯ ಅಷ್ಟರಲ್ಲೇ ಬರುತ್ತೆ!"

ಗೌರಿ ಮುಂದೆ ಹೆಣ್ಣುಕರು ಹಾಕಿದಳು. ಅಂದಿನಿಂದ ಆಸ್ಪತ್ರೆಯಲ್ಲಿ ಕರೆಂಟು ಕೈಕೊಟ್ಟಾಗೆಲ್ಲ ಸರ್ಕಾರದ ಕಾಲುಬಾಯಿ ಜ್ವರದ ಲಸಿಕೆ ಆ ಖಾಸಗಿ ಕ್ಲಿನಿಕ್ಕಿನ ಫ್ರಿಜ್ಜಿನಲ್ಲೇ ತಣ್ಣಗಿರುತ್ತಿತ್ತು. ಜಗಳ ಮಾತ್ರ ನಿಲ್ಲಲಿಲ್ಲ. ಹಟಮಾರಿ ಹೆಂಗಸು... ಅಂಥವರನ್ನು ನಾನು ಮತ್ತೆ ನೋಡಲಿಲ್ಲ.

ಡಾಕ್ಟ್ರಮ್ಮ ತೀರಿಕೊಂಡು ವರ್ಷಗಳಾದವು. ನಮ್ಮ ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ.

ಕಳೆದ ವಾರ ಆ ಫ್ಲಾಟಿನ ಕೆಳಗೆ ಅರಿಶಿನ ಕುಂಕುಮ ಹಚ್ಚಿದ ಹಸುವೊಂದು ನಿಂತಿತ್ತು. ಹೆಂಗಸೊಬ್ಬರು ಬುಟ್ಟಿ ತುಂಬ ಅಕ್ಕಿ, ಬೆಲ್ಲ ತಂದು ಅದರ ಬಾಯಿಗೆ ಹಿಡಿದರು. ನಾನು ಬುಟ್ಟಿಯ ಅಂಚು ಹಿಡಿದುಕೊಂಡೆ.

"ಸಾಕು ಆಂಟಿ, ಒಂದ್ ಹಿಡಿ ಕೊಡಿ ಅಷ್ಟೇ."

"ಯಾಕ್ರೀ, ನೀವೇನು ಡಾಕ್ಟ್ರಾ?"

ಅಲ್ಲ ಎಂದೆ. ಬುಟ್ಟಿಯನ್ನು ಮಾತ್ರ ಬಿಡಲಿಲ್ಲ.