ಫೋನಿನಲ್ಲಿ ಓದಿದ ಪಾಠ

ನನಗೆ ಬರೆದು ಅಭ್ಯಾಸವಿಲ್ಲ, ಹೇಳುವುದು ಹಿಂದೆಮುಂದಾದರೆ ಕ್ಷಮಿಸಿ. ಸರ್ಕಾರಿ ಶಾಲೆಗಳ ದಾಖಲಾತಿ, ಅಂದರೆ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು, ಪರಿಶೀಲಿಸುವುದು ನನ್ನ ಕೆಲಸ. ಕಾಡುಗೋಡಿ ಕಡೆಯ ಒಂದು ಶಾಲೆಯಲ್ಲಿ ಒಂದು ಮಗು ಕಡಿಮೆ ಬಿತ್ತು. ಒಂದೇ ಆದರೂ ಅದರಿಂದ ಒಬ್ಬ ಶಿಕ್ಷಕಿಯ ಹುದ್ದೆ ಹೋಗುತ್ತಿತ್ತು. ಆದರೆ ತರಗತಿಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗಿಯೊಬ್ಬಳು ಕೂತಿದ್ದಳು.

“ಕಟ್ಟಡ ಕೆಲಸದವರ ಮಗಳು ಸಾರ್,” ಎಂದರು ಹೆಡ್‌ಮೇಡಂ. “ಹೆಸರು ಇನ್ನೂ ಯಾದಗಿರಿ ಕಡೆ ಅವಳ ಊರಿನ ಶಾಲೇಲೇ ಇದೆ. ಅವರು ಅದನ್ನ ಕಂಪ್ಯೂಟರಲ್ಲಿ ನಮ್ಮ ಶಾಲೆಗೆ ಬಿಟ್ಟುಕೊಡ್ತಿಲ್ಲ.”

ಅಲ್ಲಿನ ಮೇಷ್ಟ್ರಿಗೆ ನಾನೇ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಆಕಿನ್ನ ಬಿಟ್ರ ನಮ್ಮ ಸಂಖ್ಯಾನೂ ಕಡಿಮಿ ಆಗ್ತದರೀ ಸರ್! ಆಕಿಗೆ ಅಕ್ಷರ ಕೂಡಿಸಾಕೂ ಬರೂದಿಲ್ಲ, ನಿಮಗ್ಯಾಕ ಬೇಕು?”

ಇದನ್ನು ಕೇಳಿಸಿಕೊಂಡ ಹುಡುಗಿ ಪುಸ್ತಕ ತೆರೆದು, ಫೋನಿನ ಹತ್ತಿರ ಬಂದು, ಒಂದು ಪಾಠವನ್ನು ಪೂರ್ತಿ ಓದಿದಳು.

“ಈಕಿ ನಮ್ಮ ಹುಡುಗೀನ ಏನ್ರೀ?” ಎಂದರು ಮೇಷ್ಟ್ರು ಕೊನೆಗೆ. “ತಗೋರಿ, ಬಿಟ್ಟೆ.”

ಇಲ್ಲಿನ ಶಿಕ್ಷಕಿಯ ಹುದ್ದೆ ಉಳಿಯಿತು. ಆ ಮೇಷ್ಟ್ರ ಶಾಲೆಯ ಗತಿ ಏನಾಯಿತು ಎಂದು ನೀವು ಕೇಳಬಹುದು. ಅಲ್ಲೂ ಹುದ್ದೆ ಉಳಿಯಿತು. ಹೇಗೆಂದರೆ, ನಿಯಮದಲ್ಲಿ ಒಂದು... ತಾಳಿ, ಕಾಡುಗೋಡಿ ಕಡೆಯ ಆ ಶಾಲೆಯಲ್ಲೇ ಕೂತು ಬರೆಯುತ್ತಿದ್ದೇನೆ, ಹೆಡ್‌ಮೇಡಂ ಕೂಗುತ್ತಿದ್ದಾರೆ: “ಸಾರ್, ಆ ಹುಡುಗಿಯ ತಂಗೀನೂ ಬಂದಿದ್ದಾಳೆ, ಅವಳ ಹೆಸರೂ ಊರಲ್ಲೇ ಇದೆಯಂತೆ. ಫೋನ್ ತಗೊಂಡು ಬನ್ನಿ!”